ಸಾಲ್ಮಿಯಾದಲ್ಲಿರುವ ಗಂಡ

ನವ್ಯಶ್ರೀಯ ಗಂಡ ಸುಕೇಶ್ ತೀರಿಕೊಂಡು, ಬೊಜ್ಜದ ಊಟ ಕಳೆದು ತಿಂಗಳಾಗಿರಲಿಲ್ಲ. ಮನೋರಮಕ್ಕನ ಫೋನ್ ಬಂತು. ಸಮಾಧಾನದ ಮಾತುಗಳನ್ನು ಅವರು ಮೊದಲೇ ಮನೆಗೆ ಬಂದು ಹೇಳಿ ಹೋಗಿದ್ದರು. ಈಗ ಬೇರೆ ವಿಷಯ.

"ಎಷ್ಟು ದಿನ ಅಂತ ಗೋಡೆ ನೋಡ್ಕೊಂಡು ಕೂತ್ಕೊಳ್ತಿ ನವ್ಯಾ? ಮದುವೆ ಸೀಸನ್ ಶುರುವಾಯ್ತು. ಬಾ."

ನವ್ಯಶ್ರೀ ಬೆಳ್ಮಣ್ಣಿನಲ್ಲಿ ಅಣ್ಣನ ಮನೆಯಲ್ಲಿದ್ದಳು. ಗಂಡನ ಮನೆ ಉದ್ಯಾವರ. ಹೈವೇಯಲ್ಲಿ ಸುಕೇಶನ ಸ್ಕೂಟರಿಗೆ ಲಾರಿ ತಾಗಿತ್ತು. ಕ್ರಿಯೆಗಳೆಲ್ಲ ಮುಗಿದ ಮೇಲೆ ಅತ್ತೆ ಅವಳ ಬಟ್ಟೆಗಳನ್ನು ಬ್ಯಾಗುಗಳಿಗೆ ತುಂಬಿಸಿ, ಸ್ವಲ್ಪ ದಿನ ತಾಯಿಮನೆಯಲ್ಲಿ ಇದ್ದು ಬಾ ಎಂದಿದ್ದರು. ಬ್ಯಾಗಿನಲ್ಲಿ ಮದುವೆಯ ಆಲ್ಬಮ್ ಕೂಡ ಇತ್ತು. ಅಣ್ಣನ ಮನೆಯಲ್ಲಿ ಅವಳಿಗೆ ಹಾಲ್‌ನಲ್ಲಿ ಜಾಗ. ಎಲ್ಲರೂ ಟಿವಿ ನೋಡಿ ಎದ್ದ ಮೇಲೆ ಚಾಪೆ ಹಾಸಬಹುದು.

ಕಾರ್ಕಳದ ಬಸ್‌ಸ್ಟ್ಯಾಂಡಿನ ಹತ್ತಿರ ಮನೋರಮಕ್ಕನ ಬ್ರೈಡಲ್ ಸ್ಟುಡಿಯೋ. ನವ್ಯಶ್ರೀ ಮದುವೆಗೆ ಮೊದಲಿನಿಂದಲೂ ಅಲ್ಲಿ ಕೆಲಸಕ್ಕಿದ್ದಳು. ಉಳಿದ ಹುಡುಗಿಯರಿಗೆ ಸಂಬಳ ಮಾತ್ರ. ಮದುಮಗಳ ಕೆಲಸ ಮಾಡುವವಳಿಗೆ ಒಬ್ಬೊಬ್ಬ ಮದುಮಗಳಿಗೆ ಇಷ್ಟು ಎಂದು ಬೇರೆ ಪಾಲು. ಅದಲ್ಲದೆ ಒಂದು ಮಾತೂ ಆಗಿತ್ತು. ಕಾಪುವಿನಲ್ಲಿ ಹೊಸ ಶಾಖೆ ತೆರೆಯುವಾಗ ಅದನ್ನು ನವ್ಯಶ್ರೀ ನೋಡಿಕೊಳ್ಳುವುದು, ಅಂಗಡಿಯ ಮೇಲಿನ ರೂಮು ಅವಳಿಗೆ. ಸುಕೇಶ್ ಇದ್ದಾಗ ಆ ರೂಮು ಅವರಿಗೆ ಬೇಕಾಗಿರಲಿಲ್ಲ. ಈಗ ಬೇಕಿತ್ತು.

ಮನೋರಮಕ್ಕ ಫೇಶಿಯಲ್ ಕೋಣೆಯ ಬಾಗಿಲು ಹಾಕಿ ಅವಳನ್ನು ಕುರ್ಚಿಯಲ್ಲಿ ಕೂರಿಸಿದರು.

"ಕೆಲಸ ನಿನ್ನದೇ. ಕಾಪುವಿನದ್ದೂ ನಿನ್ನದೇ. ನಾನು ಮಾತು ಬದಲಿಸುವವಳಲ್ಲ. ಆದರೆ ಮದುಮಗಳ ತಾಯಂದಿರು ಮೊದಲು ನಮ್ಮ ಕುತ್ತಿಗೆ ನೋಡ್ತಾರೆ. ಮುಖ ಆಮೇಲೆ."

"ನಾನು ಥ್ರೆಡಿಂಗ್, ಫೇಶಿಯಲ್ ಮಾಡ್ಕೊಂಡಿರ್ತೇನೆ ಅಕ್ಕ."

"ಮತ್ತೆ ಮದುಮಗಳನ್ನು ಯಾರು ಮಾಡುವುದು? ನಾನಾ? ನನ್ನ ಸೊಂಟ ನೋಡಿದ್ದೀಯಾ?"

ಅವರು ಡ್ರಾಯರಿನಿಂದ ಒಂದು ಕರಿಮಣಿ ತೆಗೆದರು. ಫೋಟೋ ಶೂಟಿಗೆ ತಂದ ಇಮಿಟೇಶನ್ ಸರ.

"ಡ್ಯೂಟಿಗೆ ಬಂದ ಕೂಡಲೇ ಹಾಕು. ಹೋಗುವಾಗ ವಾಪಸು ಡ್ರಾಯರಿಗೆ. ಏಪ್ರನ್ ಇದ್ದ ಹಾಗೆ ಅಂತ ತಿಳ್ಕೊ."

"ಯಾರಾದರೂ ಕೇಳಿದರೆ?"

"ಕುವೈಟಿನಲ್ಲಿದ್ದಾರೆ ಅಂತ ಹೇಳು. ಈ ಕಡೆಯ ಅರ್ಧ ಹೆಂಗಸರ ಗಂಡಂದಿರು ಅಲ್ಲೇ ಇರುವುದು. ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ. ಉದ್ಯಾವರದಲ್ಲಿ ಯಾರು ಹೋದರು ಅಂತ ಕಾರ್ಕಳದವರಿಗೆ ಎಂತ ಗೊತ್ತು?"

ನವ್ಯಶ್ರೀ ಸರ ಹಾಕಿಕೊಂಡಳು. ಮನೋರಮಕ್ಕ ಅದನ್ನು ಎಳೆದು ಸರಿಮಾಡಿ ಕನ್ನಡಿಯಲ್ಲಿ ನೋಡಿದರು.

"ಚಂದ ಉಂಟು. ನಿನ್ನ ಮೊದಲಿನದ್ದಕ್ಕಿಂತ ಇದೇ ಚಂದ."

ಎರಡನೇ ಪ್ರಶ್ನೆ ಯಾರೂ ಕೇಳುವುದಿಲ್ಲ ಎಂದದ್ದು ತಪ್ಪಾಯಿತು. ಕುವೈಟ್ ಎಂದ ಕೂಡಲೇ ಎಲ್ಲರೂ ಕೇಳಿದರು. ಎಲ್ಲಿ, ಯಾವ ಕಂಪೆನಿ, ಯಾವಾಗ ಬರುವುದು. ಮೊದಲ ವಾರ ಒಬ್ಬ ಮದುಮಗಳ ಚಿಕ್ಕಮ್ಮ ಕೇಳಿದಾಗ ನವ್ಯಶ್ರೀ ತಡವರಿಸಿದಳು. ಆಮೇಲೆ ಮನೋರಮಕ್ಕ ಹೊಸ ಹುಡುಗಿಯರಿಗೆ ಕಸ್ಟಮರ್ ಹತ್ತಿರ ಮಾತಾಡಲು ಕಲಿಸುವ ಹಾಗೆಯೇ ಅವಳಿಗೂ ಕಲಿಸಿದರು. ಚಾ ಕುಡಿಯುವ ಹೊತ್ತಿಗೆ, ಎಲ್ಲರ ಎದುರು. ಸೆರಗನ್ನು ಹೆಗಲಿಗೆ ಎಳೆದುಕೊಂಡು ಅವರೇ ಮದುಮಗಳ ಚಿಕ್ಕಮ್ಮ ಆದರು.

"ನಿನ್ನ ಯಜಮಾನರು ಎಂತ ಮಾಡ್ತಾರೆ ಮಗಾ?"

"ಕುವೈಟಿನಲ್ಲಿದ್ದಾರೆ."

"ಕುವೈಟಿನಲ್ಲಿ ಎಲ್ಲಿ?"

"ಸಾಲ್ಮಿಯಾ."

"ಎಂತ ಕೆಲಸ?"

"ಸ್ಟೋರ್ ಕೀಪರ್."

"ಊರಿಗೆ ಯಾವಾಗ?"

"ಡಿಸೆಂಬರ್," ಎಂದಳು ನವ್ಯಶ್ರೀ.

"ಡಿಸೆಂಬರ್! ಎಷ್ಟು ಸಲ ಹೇಳುವುದು? ನಗಾಡಿಕೊಂಡು ಹೇಳು ಮಾರಾಯ್ತಿ. ಗಂಡ ಬರುವ ವಿಷಯವನ್ನು ಯಾರಾದರೂ ಕರೆಂಟ್ ಬಿಲ್ಲು ಓದಿದ ಹಾಗೆ ಹೇಳ್ತಾರಾ?"

ಹುಡುಗಿಯರು ನಕ್ಕರು. ನವ್ಯಶ್ರೀ ನಗುತ್ತಾ ಡಿಸೆಂಬರ್ ಎಂದಳು. ಸಾಲ್ಮಿಯಾ ಯಾಕೆಂದರೆ ಮನೋರಮಕ್ಕನ ತಮ್ಮ ರೋಹಿತ್ ಅಲ್ಲಿದ್ದ. ಆ ಊರಿನ ಹೆಸರು ಅವರಿಗೆ ಬಾಯಿಗೆ ಬರುತ್ತಿತ್ತು.

ಕೆಲವು ವಾರ ಕಳೆದ ಮೇಲೆ ಡಿಂಪಲ್ ಬಂದಳು. ಶಿರ್ವದ ಹುಡುಗಿ, ಪಿಯುಸಿ ಆಗಿತ್ತು. ಕೆಲಸ ಕೇಳಿಕೊಂಡು ಬಂದವರ ಕೈಗೆ ಮನೋರಮಕ್ಕ ಮೊದಲು ಒಂದು ಟಿಶ್ಯೂ ಪೇಪರ್ ಕೊಡುತ್ತಿದ್ದರು. ಮುಷ್ಟಿಯಲ್ಲಿ ಹಿಡಿದುಕೊಂಡು ಮಾತಾಡಬೇಕು. ಮಾತು ಮುಗಿದ ಮೇಲೆ ಬಿಡಿಸಿ ನೋಡುವುದು. ಒದ್ದೆಯಾಗಿದ್ದರೆ ಮನೆಗೆ. ಬೆವರುವ ಕೈ ಮೇಕಪ್ಪಿಗೆ ಆಗುವುದಿಲ್ಲ.

ಡಿಂಪಲಳ ಪೇಪರ್ ಒಣಗಿಯೇ ಇತ್ತು.

"ಒಳ್ಳೆ ಕೈ," ಎಂದರು ಮನೋರಮಕ್ಕ. "ಮೂರು ತಿಂಗಳು ಟ್ರೈನಿಂಗ್. ಟ್ರೈನಿಂಗಿನಲ್ಲಿ ಸಂಬಳ ಇಲ್ಲ, ಬಸ್ಸಿಗೆ ಕೊಡ್ತೇನೆ. ಬೇರೆ ಕಡೆಯಾದರೆ ಕಲಿಯಲಿಕ್ಕೆ ನೀನೇ ದುಡ್ಡು ಕೊಡಬೇಕು. ಕಲಿಸುವವಳು ಇವಳು, ನವ್ಯಾ. ಇವಳ ಕೈ ನೋಡಿ ಕಲಿ. ಬಾಯಿ ನೋಡಿ ಕಲಿಯಬೇಡ, ಇವಳಿಗೆ ಬಾಯಿ ಇಲ್ಲ."

"ಆಯ್ತು ಮ್ಯಾಮ್."

ಡಿಂಪಲ್ ಹೋದ ಮೇಲೆ ಮನೋರಮಕ್ಕ ಹೇಳಿದರು: "ನೀನು ಕಾಪುವಿಗೆ ಹೋದ ಮೇಲೆ ಇಲ್ಲಿಗೆ ಒಬ್ಬಳು ಬೇಕಲ್ವಾ? ಹಾಗೆ."

ಮಧ್ಯಾಹ್ನ ಅಂಗಡಿ ಖಾಲಿ ಇರುವಾಗ ಕಲಿಸುವುದು. ಸೀರೆ ಉಡಿಸಿ ಅಭ್ಯಾಸ ಮಾಡಲು ಒಂದು ಮೈ ಬೇಕು. ಬೇರೆ ಹುಡುಗಿಯರು ಊಟ ಮಾಡಿ ಸೋಫಾದಲ್ಲಿ ಒರಗುತ್ತಿದ್ದರು. ನವ್ಯಶ್ರೀಯೇ ನಿಂತಳು. ಡಿಂಪಲ್ ದಿನಾ ಅವಳನ್ನು ಮದುಮಗಳು ಮಾಡಿದಳು. ನವ್ಯಶ್ರೀ ನಿಂತಲ್ಲಿಂದಲೇ ಹೇಳುತ್ತಿದ್ದಳು.

"ನೆರಿಗೆ ಕೆಳಗಿನಿಂದ ಸಮ ಮಾಡು, ಮೇಲಿನಿಂದ ಅಲ್ಲ. ಸೊಂಟದಲ್ಲಿ ಸ್ವಲ್ಪ ಸಡಿಲ ಬಿಡು. ಮಂಟಪದಲ್ಲಿ ಕೂತು ಏಳುವಾಗ ಬಿಗಿಯಾದದ್ದು ಬಿಚ್ಚುತ್ತದೆ. ಕಣ್ಣಿನ ಕೆಳಗಿನ ಮೇಕಪ್ ಕೊನೆಗೆ. ಧಾರೆ ಎರೆಯುವಾಗ ಅಳುತ್ತಾರೆ."

"ಎಲ್ಲರೂ ಅಳ್ತಾರಾ ಅಕ್ಕ?"

"ಹೆಚ್ಚಿನವರು."

ಒಂದು ದಿನ ಡಿಂಪಲ್ ಮುಡಿಗೆ ಮಲ್ಲಿಗೆ ಏರಿಸಲು ಹೊರಟಾಗ ಮನೋರಮಕ್ಕ ಕೌಂಟರಿನಿಂದ ಕೂಗಿದರು.

"ಏ, ಏ! ಅವಳಿಗೆ ಹೂ ಇಡಬೇಡ. ಅಂಗಡಿಗೆ ಒಳ್ಳೆಯದಲ್ಲ."

ಡಿಂಪಲ್ ಹೂವನ್ನು ಹಿಡಿದುಕೊಂಡೇ ನಿಂತಳು. "ಮತ್ತೆ ಮ್ಯಾಮ್, ಕರಿಮಣಿ ಹಾಕಿದ್ದಾರಲ್ಲ?"

"ಅದು ಡ್ಯೂಟಿ. ಹೂ ದೇವರದ್ದು. ಪ್ಲಾಸ್ಟಿಕ್ಕಿನದ್ದು ಉಂಟಲ್ಲ, ಅದನ್ನು ಇಡು."

ಡಿಂಪಲ್ ಪ್ಲಾಸ್ಟಿಕ್ ಹೂ ತಂದಳು. ನವ್ಯಶ್ರೀ ತಲೆ ಬಗ್ಗಿಸಿ ಕೊಟ್ಟಳು. "ಪಿನ್ ಮುಡಿಗೆ ಚುಚ್ಚು. ತಲೆಗೆ ಅಲ್ಲ," ಎಂದಳು.

ಆ ವರ್ಷದ ದೊಡ್ಡ ಕಸ್ಟಮರ್ ಕಾಪುವಿನ ಹತ್ತಿರದ ಉಚ್ಚಿಲದ ಪುಷ್ಪಾವತಿ. ಗಂಡನಿಗೆ ಬೋಟುಗಳಿದ್ದವು. ಮೂವರು ಹೆಣ್ಣುಮಕ್ಕಳು, ಒಬ್ಬ ಮಗ. ಮೊದಲ ಮಗಳು ಮೋಕ್ಷಾಳ ಮದುವೆಗೆ ಮನೋರಮಕ್ಕನನ್ನು ಗೊತ್ತು ಮಾಡಿ, ಚಂದ ಆದರೆ ಉಳಿದ ಇಬ್ಬರದ್ದೂ ನಿಮಗೇ ಎಂದಿದ್ದರು. ಕಾಪುವಿನ ಶಾಖೆಯ ಲೆಕ್ಕಾಚಾರವೆಲ್ಲ ಉಚ್ಚಿಲದ ಇಂಥ ಮನೆಗಳ ಮೇಲೆಯೇ ನಿಂತಿತ್ತು.

ಮದುವೆಯ ಬೆಳಿಗ್ಗೆ ಮನೆಯ ಒಳಕೋಣೆಯಲ್ಲಿ ನವ್ಯಶ್ರೀ ಮೋಕ್ಷಾಳ ಹಣೆಗೆ ಕುಂಕುಮ ಬರೆಯುತ್ತಿದ್ದಳು. ಡಿಂಪಲ್ ಪಿನ್ನುಗಳನ್ನು ಕೊಡುತ್ತಿದ್ದಳು. ಮನೋರಮಕ್ಕ ಮಂಚದಲ್ಲಿ ಕೂತು ಮೇಲ್ವಿಚಾರಣೆ ಮಾಡುತ್ತಿದ್ದರು. ಪುಷ್ಪಾವತಿ ತಟ್ಟೆಯಲ್ಲಿ ಗೋಳಿಬಜೆ ಹಿಡಿದುಕೊಂಡು ಒಳಗೆ ಬಂದರು.

"ತಿನ್ನಿ, ತಿನ್ನಿ. ಖಾಲಿ ಹೊಟ್ಟೆಯಲ್ಲಿ ಬಣ್ಣ ಹಚ್ಚಬೇಡಿ. ನಿನ್ನ ಹೆಸರೆಂತ ಮಗಾ? ನವ್ಯಾ? ಒಳ್ಳೆ ಕೈ ನಿನ್ನದು. ಯಜಮಾನರು ಎಲ್ಲಿ?"

"ಕುವೈಟಿನಲ್ಲಿ, ಪುಷ್ಪಕ್ಕ."

"ಕುವೈಟಿನಲ್ಲಿ ಎಲ್ಲಿ?"

"ಸಾಲ್ಮಿಯಾ."

ಪುಷ್ಪಾವತಿ ತಟ್ಟೆಯನ್ನು ಮಂಚದ ಮೇಲಿಟ್ಟರು. "ಸಾಲ್ಮಿಯಾ! ನಮ್ಮ ಮನೀಶ್ ಸಾಲ್ಮಿಯಾದಲ್ಲೇ ಇರುವುದು ಮಾರಾಯ್ತಿ! ತಂಗಿಯ ಮದುವೆಗೆ ಅಂತ ಬಂದಿದ್ದಾನೆ. ಏ ಮನೀಶಾ, ಬಾ ಇಲ್ಲಿ!"

ಮನೀಶ್ ರೇಷ್ಮೆ ಪಂಚೆ ಸರಿಮಾಡಿಕೊಳ್ಳುತ್ತಾ ಬಾಗಿಲಲ್ಲಿ ನಿಂತ. "ಯಾವ ಬಿಲ್ಡಿಂಗ್ ಅಕ್ಕ?"

"ಅವಳಿಗೆ ಬಿಲ್ಡಿಂಗ್ ಎಲ್ಲ ಎಂತ ಗೊತ್ತು," ಎಂದು ಮನೋರಮಕ್ಕ ನಡುವೆ ಬಂದರು. "ಅವಳು ಅಲ್ಲಿಗೆ ಹೋದವಳಾ?"

"ಇವನು ಬರುವ ವಾರ ಹೋಗ್ತಾನೆ," ಎಂದರು ಪುಷ್ಪಾವತಿ. "ಗಂಡನಿಗೆ ಒಂದು ಪಾರ್ಸೆಲ್ ಮಾಡಿ ಕೊಡು. ಇವನೇ ಹೋಗಿ ಕೈಯಲ್ಲಿ ಕೊಡ್ತಾನೆ."

"ಬೇಡ ಪುಷ್ಪಕ್ಕ. ಅವರಿಗೆ ಭಾರ ಆಗ್ತದೆ."

"ಎಂತ ಭಾರ? ಊರಿನ ಎಲ್ಲರದ್ದೂ ಕೊಂಡುಹೋಗ್ತಾನೆ. ನಿನ್ನದೊಂದು ಭಾರವಾ?" ಅವರು ನವ್ಯಶ್ರೀಯ ಮುಖ ನೋಡಿದರು. "ಪಾರ್ಸೆಲ್ ಬೇಡ ಅನ್ನುವ ಹೆಂಡತಿಯನ್ನು ನಾನು ಇದೇ ಮೊದಲು ನೋಡುವುದು. ಜಗಳವಾ ಎಂತ?"

ಮೋಕ್ಷಾ ಕಣ್ಣು ತೆರೆದು ಕನ್ನಡಿಯಲ್ಲಿ ಅವಳನ್ನು ನೋಡಿದಳು. ನವ್ಯಶ್ರೀಯ ಕೈಯಲ್ಲಿ ಕುಂಕುಮದ ಕಡ್ಡಿ ಇತ್ತು.

"ನಾಚಿಕೆ ಅವಳಿಗೆ," ಎಂದರು ಮನೋರಮಕ್ಕ. "ಕೊಡ್ತಾಳೆ, ಕೊಡ್ತಾಳೆ."

ವಾಪಸು ಬರುವಾಗ ಕಾರಿನಲ್ಲಿ ಮನೋರಮಕ್ಕ ನಗಲು ಶುರುಮಾಡಿದರು.

"ರೋಹಿತನಿಗೆ ಹೇಳ್ತೇನೆ. ಅವನೇ ಸುಕೇಶ್ ಅಂತ ಹೇಳಿ ತೆಗೊಳ್ಳಲಿ. ಅವನಿಗೂ ಊರಿನ ತಿಂಡಿ ಸಿಕ್ಕಿದ ಹಾಗಾಯ್ತು."

"ಬೇಡ ಅಕ್ಕ. ನಾನು ಪುಷ್ಪಕ್ಕನಿಗೆ ನಿಜ ಹೇಳ್ತೇನೆ."

"ಹೇಳು. ನಿಮ್ಮ ಮಗಳ ಹಣೆಗೆ ಧಾರೆಯ ದಿವಸ ಗಂಡ ಸತ್ತವಳು ಕುಂಕುಮ ಇಟ್ಟಿದ್ದಾಳೆ ಅಂತ ಹೇಳು. ಆ ಹುಡುಗಿಗೆ ನಾಳೆ ತಲೆನೋವು ಬಂದರೂ ನಿನ್ನ ಹೆಸರೇ. ಆಮೇಲೆ ಕಾಪುವಿನ ರೂಮಿಗೆ ನೀನು ಹೋಗುವುದೂ ಬೇಡ, ನಾನು ಅಲ್ಲಿ ಬೋರ್ಡು ಹಾಕುವುದೂ ಬೇಡ."

ಡಿಂಪಲ್ ಹಿಂದಿನ ಸೀಟಿನಲ್ಲಿ ಮೇಕಪ್ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಹೊರಗೆ ನೋಡುತ್ತಿದ್ದಳು.

ರೋಹಿತನಿಗೆ ಏನು ಇಷ್ಟ ಎಂದು ಮನೋರಮಕ್ಕ ಹೇಳಿದರು. ಒಣ ಸಿಗಡಿ ಚಟ್ನಿ, ಕೋರಿ ರೊಟ್ಟಿ, ಹಲಸಿನ ಹಪ್ಪಳ. ಸಾಮಾನಿನ ದುಡ್ಡು ಈಗ ನೀನೇ ಹಾಕು, ಕಾಪುವಿಗೆ ಹೋದ ಮೇಲೆ ನೋಡುವ ಎಂದರು. ಸುಕೇಶನಿಗೆ ಸಿಗಡಿ ಮೈಗೆ ಆಗುತ್ತಿರಲಿಲ್ಲ. ತಿಂದರೆ ತುಟಿ ಊದುತ್ತಿತ್ತು. ಉದ್ಯಾವರದ ಮನೆಯಲ್ಲಿ ಅವಳು ಅದನ್ನು ಒಮ್ಮೆಯೂ ಹುರಿದಿರಲಿಲ್ಲ. ಈಗ ಅಣ್ಣನ ಅಡಿಗೆಮನೆಯಲ್ಲಿ ಹುರಿದಳು. ಅತ್ತಿಗೆ ಮೂಗಿಗೆ ಸೆರಗು ಹಿಡಿದು ಯಾರಿಗೆ ಎಂದು ಕೇಳಿದಳು.

"ಅಂಗಡಿಯ ಕೆಲಸ," ಎಂದಳು ನವ್ಯಶ್ರೀ.

ಪೆಟ್ಟಿಗೆಯ ಮೇಲೆ ಹೆಸರು ಬರೆಯಬೇಕಿತ್ತು. ಮಾರ್ಕರಿನಲ್ಲಿ ದೊಡ್ಡದಾಗಿ ಬರೆದಳು. ಸುಕೇಶ್, ಸಾಲ್ಮಿಯಾ.

ಪಾರ್ಸೆಲ್ ತಲುಪಿದ ಮೇಲೆ ರೋಹಿತ್ ಅಕ್ಕನಿಗೆ ವಾಯ್ಸ್ ಮೆಸೇಜ್ ಕಳಿಸಿದ. ಮನೋರಮಕ್ಕ ಫೋನನ್ನು ಕೌಂಟರಿನ ಮೇಲಿಟ್ಟು ಎಲ್ಲರಿಗೂ ಕೇಳಿಸುವ ಹಾಗೆ ಹಾಕಿದರು.

"ಅಕ್ಕಾ, ನನ್ನ ಹೆಂಡತಿಗೆ ಹೇಳು, ಚಟ್ನಿಗೆ ಖಾರ ಸಾಲದು ಅಂತ. ಮುಂದಿನ ಸಲ ಜೋರು ಹಾಕಲಿ. ಮತ್ತೆ ಅವಳ ಫೋಟೋ ಒಂದು ಕಳಿಸು ಮಾರಾಯ್ತಿ. ಸ್ವಂತ ಹೆಂಡತಿ ಹೇಗಿದ್ದಾಳೆ ಅಂತ ಗೊತ್ತಿರಬೇಕಲ್ವಾ!"

ಹುಡುಗಿಯರು ನಕ್ಕು ನಕ್ಕು ಸೋಫಾಕ್ಕೆ ಒರಗಿದರು. ಡಿಂಪಲ್ ಕೂಡ ನಕ್ಕಳು, ಆಮೇಲೆ ನಿಲ್ಲಿಸಿದಳು. ನವ್ಯಶ್ರೀ ಸಿಂಕಿನಲ್ಲಿ ಬ್ರಶ್ ತೊಳೆಯುತ್ತಿದ್ದಳು.

"ನಗು ಮಾರಾಯ್ತಿ," ಎಂದರು ಮನೋರಮಕ್ಕ. "ತಮಾಷೆಗೂ ಮುಖ ಊದಿಸಿದರೆ ಹೇಗೆ? ಎಲ್ಲಿ, ಈ ಕಡೆ ನೋಡು."

ನವ್ಯಶ್ರೀ ತಿರುಗಿ ನಕ್ಕಳು. ಮನೋರಮಕ್ಕ ಫೋಟೋ ತೆಗೆದು ತಮ್ಮನಿಗೆ ಕಳಿಸಿದರು.

ಮರುವಾರ ಪುಷ್ಪಾವತಿ ತಾವೇ ಕಾರ್ಕಳಕ್ಕೆ ಬಂದರು. ಮೋಕ್ಷಾ ಗಂಡನ ಮನೆಯಲ್ಲಿ ಖುಷಿಯಾಗಿದ್ದಾಳೆ ಎಂದು ಹೇಳಿ ಎಲ್ಲರಿಗೂ ಲಾಡು ಹಂಚಿದರು. ಆಮೇಲೆ ಕನ್ನಡಕ ಹಾಕಿಕೊಂಡು ಫೋನಿನಲ್ಲಿ ಹುಡುಕಿ ನವ್ಯಶ್ರೀಯನ್ನು ಹತ್ತಿರ ಕೂರಿಸಿಕೊಂಡರು.

"ನೋಡು. ಮನೀಶ್ ಕಳಿಸಿದ್ದಾನೆ."

ಫೋಟೋದಲ್ಲಿ ಮನೀಶನ ಹೆಗಲ ಮೇಲೆ ಒಬ್ಬ ಗಂಡಸು ಕೈ ಹಾಕಿದ್ದ. ದಪ್ಪ ಚೈನು, ಗಡ್ಡ, ಗುಂಡು ಹೊಟ್ಟೆ. ಇನ್ನೊಂದು ಕೈಯಲ್ಲಿ ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಅವಳು ಬರೆದ ಹೆಸರು ಸರಿಯಾಗಿ ಕಾಣುತ್ತಿತ್ತು.

"ಹೊಟ್ಟೆ ಬಂದಿದೆ ಅಲ್ವಾ? ಮೆಸ್ಸಿನ ಊಟ, ಎಂತ ಮಾಡುವುದು."

"ಹೌದು. ಸ್ವಲ್ಪ ಬಂದಿದೆ."

"ಗಡ್ಡ ಬಿಟ್ಟದ್ದು ನಿನಗೆ ಗೊತ್ತಿತ್ತಾ?"

"ಹೇಳಿದ್ದರು."

ಪುಷ್ಪಾವತಿಯ ಕಣ್ಣು ತುಂಬಿತು. ಅವರು ನವ್ಯಶ್ರೀಯ ಕೈ ಒತ್ತಿದರು. "ನನ್ನವರೂ ಮೊದಲು ಅಲ್ಲೇ ಇದ್ದರು. ನನಗೆ ಗೊತ್ತು ಇದರ ಕಷ್ಟ. ಕೇಳು, ಎರಡನೆಯವಳ ಮದುವೆ ಡಿಸೆಂಬರಿನಲ್ಲಿ ಗೊತ್ತಾಗಿದೆ. ನಿನ್ನವರೂ ಆಗಲೇ ಬರ್ತಾರಲ್ಲ. ಇಬ್ಬರೂ ಜೋಡಿಯಾಗಿ ಬಂದು ಅಕ್ಷತೆ ಹಾಕಬೇಕು. ಕೆಲಸಕ್ಕೆ ಬಂದವಳು ಅಂತ ಅಲ್ಲ, ನಮ್ಮ ಮನೆಯವಳು ಅಂತ. ಬರದಿದ್ದರೆ ನಾನು ಮಾತಾಡುವುದಿಲ್ಲ."

"ಬರ್ತೇವೆ ಪುಷ್ಪಕ್ಕ."

ನಗಾಡಿಕೊಂಡೇ ಹೇಳಿದಳು. ಅವಳಿಗೆ ಅಭ್ಯಾಸವಾಗಿತ್ತು. ಕೌಂಟರಿನಲ್ಲಿ ಮನೋರಮಕ್ಕ ನಗಲಿಲ್ಲ.

ಸಂಜೆ ಅವರು ಅವಳನ್ನು ಫೇಶಿಯಲ್ ಕೋಣೆಗೆ ಕರೆದರು.

"ಡಿಂಪಲ್ ಈಗ ಹೇಗೆ?"

"ಚಂದ ಕಲಿತಿದ್ದಾಳೆ. ನೆರಿಗೆ ನನಗಿಂತ ಬೇಗ ಹಿಡಿಯುತ್ತಾಳೆ."

"ಒಬ್ಬಳೇ ಒಂದು ಮದುಮಗಳನ್ನು ಪೂರ್ತಿ ಮಾಡ್ತಾಳಾ?"

"ಮಾಡ್ತಾಳೆ."

ಮನೋರಮಕ್ಕ ತಲೆಯಾಡಿಸಿದರು.

"ನವ್ಯಾ, ನಿನ್ನನ್ನು ಗಂಡ ಕುವೈಟಿಗೆ ಕರೆಸಿಕೊಂಡಿದ್ದಾನೆ."

ಇದೂ ಮಾತು ಕಲಿಸುವುದು ಎಂದು ನವ್ಯಶ್ರೀ ತಿಳಿದಳು. "ಯಾರು ಕೇಳಿದರೆ ಹಾಗೆ ಹೇಳಬೇಕು ಅಕ್ಕ?" ಎಂದಳು.

"ಎಲ್ಲರಿಗೂ. ವೀಸಾ ಬಂತು, ಹೋಗ್ತೇನೆ, ಕೆಲಸ ಬಿಡ್ತೇನೆ ಅಂತ."

ಮನೋರಮಕ್ಕ ವಿವರಿಸಿದರು. ಡಿಸೆಂಬರಿನಲ್ಲಿ ಪುಷ್ಪಾವತಿ ಗಂಡನನ್ನು ಕೇಳುತ್ತಾರೆ. ರೋಹಿತನಿಗೆ ರಜೆ ಇಲ್ಲ, ಇದ್ದರೂ ಅಕ್ಷತೆ ಹಾಕಲಿಕ್ಕೆ ಅವನನ್ನು ಜೋಡಿ ಮಾಡಿ ಕಳಿಸಲು ಆಗುವುದಿಲ್ಲ, ಅವನ ಹೆಂಡತಿ ಇಲ್ಲೇ ಅಜೆಕಾರಿನಲ್ಲಿದ್ದಾಳೆ.

"ನಾನು ತೆಗೆದುಹಾಕಿದೆ ಅಂದರೆ ನಿನಗೆ ಅವಮಾನ. ಅವನು ಸತ್ತ ಅಂದರೆ ನನಗೆ ನಷ್ಟ. ಗಂಡನ ಹತ್ತಿರ ಹೋದಳು ಅಂದರೆ ಯಾರಿಗೂ ಬೇಜಾರಿಲ್ಲ. ಯೋಚನೆ ಮಾಡು, ನಿನ್ನ ಒಳ್ಳೆಯದಕ್ಕೇ ಹೇಳುವುದು."

"ಕಾಪು?"

"ಡಿಂಪಲ್ ನೋಡಿಕೊಳ್ತಾಳೆ. ಮೇಲಿನ ರೂಮಿನಲ್ಲೇ ಇರಲಿ. ಶಿರ್ವದಿಂದ ದಿನಾ ಬರುವುದು ಬೇಡ ಅವಳಿಗೆ."

"ನಾನು ಹಿಂದೆ ಇದ್ದುಕೊಂಡು ಕೆಲಸ ಮಾಡ್ತೇನೆ ಅಕ್ಕ. ಯಾರ ಎದುರಿಗೂ ಬರುವುದಿಲ್ಲ."

"ಕುವೈಟಿಗೆ ಹೋದವಳು ಹಿಂದೆ ಹೇಗೆ ಇರ್ತಾಳೆ ಮಾರಾಯ್ತಿ?" ಎಂದರು ಮನೋರಮಕ್ಕ. ಅವರಿಗೆ ನಿಜವಾಗಿಯೂ ನಗು ಬಂತು.

ಸೆಂಡ್‌ಆಫ್ ಚಂದವಾಗಿಯೇ ಆಯಿತು. ಕೇಕಿನ ಮೇಲೆ ವಿಮಾನದ ಚಿತ್ರ ಇತ್ತು. ನವ್ಯಶ್ರೀ ಕರಿಮಣಿ ಹಾಕಿಕೊಂಡು ಕೇಕ್ ಕತ್ತರಿಸಿದಳು. ಸತ್ಯ ಗೊತ್ತಿದ್ದ ಹುಡುಗಿಯರೆಲ್ಲ ಚಪ್ಪಾಳೆ ತಟ್ಟಿದರು. ಗೊತ್ತಿಲ್ಲದವರು ಪುಷ್ಪಾವತಿ ಒಬ್ಬರೇ. ಅವರು ಹತ್ತಿಯ ನೈಟಿಗಳನ್ನು ತಂದಿದ್ದರು.

"ಅಲ್ಲಿ ಸೆಕೆ. ಇದನ್ನೇ ಹಾಕು. ಹೋದ ಕೂಡಲೇ ಒಂದು ಮಗು ಮಾಡಿಕೊ. ಕೆಲಸ, ಕೆಲಸ ಅಂತ ಕೂರಬೇಡ."

ಮನೋರಮಕ್ಕ ಒಂದು ಕವರ್ ಕೊಟ್ಟರು. ಕೊಡುವಾಗ ಒಮ್ಮೆ ತಡೆದು, ಇಬ್ಬರ ಕೈಯೂ ಕವರಿನ ಮೇಲಿರುವ ಹಾಗೆ ಫೋಟೋ ತೆಗೆಸಿದರು. "ನಮ್ಮಲ್ಲಿ ಸ್ಟಾಫ್ ಅಂದರೆ ಮನೆಯವರ ಹಾಗೆ," ಎಂದು ಪುಷ್ಪಾವತಿಗೆ ಹೇಳಿದರು. ನವ್ಯಶ್ರೀ ಬಸ್ಸಿನಲ್ಲಿ ಕವರ್ ತೆರೆದು ನೋಡಿದಳು. ಆ ತಿಂಗಳ ಸಂಬಳ. ಮದುಮಗಳ ಕೆಲಸದ ಪಾಲು ಅದರಲ್ಲಿ ಇರಲಿಲ್ಲ.

ಅಣ್ಣನ ಮನೆ ತಲುಪುವ ಮೊದಲೇ ಫೋಟೋಗಳು ಸ್ಟುಡಿಯೋದ ಇನ್‌ಸ್ಟಾಗ್ರಾಂ ಪೇಜಿನಲ್ಲಿದ್ದವು. ಕೆಳಗೆ ಹೃದಯಗಳು, ವಿಮಾನಗಳು. ಆಮೇಲೆ ಮನೋರಮಕ್ಕನ ಮೆಸೇಜ್ ಬಂತು. ಕಾಪು, ಉಚ್ಚಿಲದ ಕಡೆ ಸ್ವಲ್ಪ ಸಮಯ ಕಾಣಿಸಿಕೊಳ್ಳಬೇಡ.

ಕಾಪುವಿನ ಶಾಖೆ ತೆರೆದ ಮೇಲೆ ನವ್ಯಶ್ರೀ ಕೆಲಸ ಕೇಳಿಕೊಂಡು ಉಡುಪಿಗೆ ಹೋದಳು. ಪ್ಯಾಟ್ರಿಶಿಯಾ ಎಂಬವರ ಪಾರ್ಲರ್. ಅವರಿಗೆ ಒಬ್ಬ ಮದುಮಗಳ ಕೆಲಸದವಳು ಬೇಕೆಂದು ಬಾಗಿಲಿಗೆ ಅಂಟಿಸಿದ್ದರು. ಪ್ಯಾಟ್ರಿಶಿಯಾ ಅವಳನ್ನು ನೋಡಿದ ಕೂಡಲೇ ಹುಬ್ಬು ಗಂಟಿಕ್ಕಿದರು.

"ನೀನು ಕಾರ್ಕಳದ ಮನೋರಮಾಳ ಹುಡುಗಿ ಅಲ್ವಾ? ಕುವೈಟಿಗೆ ಹೋದದ್ದಲ್ವಾ? ನಾನೂ ಲೈಕ್ ಹಾಕಿದ್ದೆ."

"ಹೋಗಲಿಲ್ಲ ಮೇಡಂ. ಅದು ಸುಳ್ಳು. ನನ್ನ ಗಂಡ ತೀರಿಕೊಂಡಿದ್ದಾರೆ. ಆ ಫೋಟೋಗಿಂತ ಮೊದಲೇ."

ಪ್ಯಾಟ್ರಿಶಿಯಾ ಫೋನ್ ತೆಗೆದು ಪೇಜ್ ತೆರೆದರು. ಕೇಕು, ಕರಿಮಣಿ, ನಗು. ಫೋಟೋವನ್ನು ಬೆರಳಿನಿಂದ ದೊಡ್ಡದು ಮಾಡಿದರು.

"ಗಂಡ ಸತ್ತವಳು ಹೀಗೆ ನಗಾಡ್ತಾಳಾ?"

"ನಗಲು ಹೇಳಿದ್ದರು."

"ಯಾರು?"

ಅವಳು ಹೇಳಿದಳು. ಪ್ಯಾಟ್ರಿಶಿಯಾ ಕೇಳಿಸಿಕೊಂಡು, ಒಂದು ನಿಮಿಷ ಎಂದು ಮನೋರಮಕ್ಕನಿಗೆ ಫೋನ್ ಮಾಡಿ, ಸ್ಪೀಕರಿಗೆ ಹಾಕಿ ವಿಷಯ ಹೇಳಿದರು.

"ಅಯ್ಯೋ ಪಾಪ, ಇಷ್ಟು ಬೇಗ ವಾಪಸು ಬಂದಳಾ?" ಮನೋರಮಕ್ಕನ ಸ್ವರ ಮೆತ್ತಗಿತ್ತು. "ಅವನು ಬಿಟ್ಟಿರಬೇಕು ಪ್ಯಾಟ್ರಿಶಿಯಾ. ಮರ್ಯಾದೆಗೆ ಸತ್ತ ಅಂತ ಹೇಳುವುದು ಕಾಣ್ತದೆ. ಫೋಟೋ ಉಂಟು ನನ್ನ ಹತ್ತಿರ, ಬಂಡೆಯ ಹಾಗೆ ಇದ್ದಾನೆ, ಬೇಕಾದರೆ ಕಳಿಸ್ತೇನೆ. ಕೆಲಸ ಚಂದ ಮಾಡ್ತಾಳೆ, ನನ್ನ ಕೈಯಲ್ಲೇ ಕಲಿತವಳು. ಸಂಬಳ ಹೆಚ್ಚು ಕೇಳುವವಳಲ್ಲ."

ಪೆಟ್ಟಿಗೆ ಹಿಡಿದ ರೋಹಿತನ ಫೋಟೋ ಬಂತು. ಪ್ಯಾಟ್ರಿಶಿಯಾ ಅದನ್ನು ನೋಡಿದರು, ನವ್ಯಶ್ರೀಯನ್ನು ನೋಡಿದರು.

"ಅದು ಅವರ ತಮ್ಮ ಮೇಡಂ. ಡೆತ್ ಸರ್ಟಿಫಿಕೇಟ್ ಮನೆಯಲ್ಲಿ ಉಂಟು. ನಾಳೆ ತಂದು ತೋರಿಸ್ತೇನೆ."

"ತಂದು ನಿನಗೆ ಲಾಭ ಎಂತ?" ಎಂದರು ಪ್ಯಾಟ್ರಿಶಿಯಾ. ಅವರ ಸ್ವರದಲ್ಲಿ ಸಿಟ್ಟು ಇರಲಿಲ್ಲ. "ನೋಡು, ನನಗೆ ಈ ಶಾಸ್ತ್ರವೆಲ್ಲ ಇಲ್ಲ. ಕಸ್ಟಮರಿಗೆ ಉಂಟು. ಸತ್ತದ್ದು ಅಂತಾದರೆ ಹಿಂದಿನ ಕೋಣೆಯಲ್ಲಿ ವ್ಯಾಕ್ಸಿಂಗ್ ಮಾಡ್ಕೊಂಡಿರು. ಮದುಮಗಳ ಹತ್ತಿರ ಬಿಡ್ಲಿಕ್ಕೆ ಆಗುವುದಿಲ್ಲ. ಬಿಟ್ಟದ್ದು ಅಂತಾದರೆ ನೀನು ಇನ್ನೂ ಮುತ್ತೈದೆಯೇ. ಬ್ರೈಡಲ್ ಕೊಡ್ತೇನೆ. ಇಲ್ಲಿ ಹುಡುಗಿಯರಿಗೆ ನಾನು ಒಂದು ಹೇಳಬೇಕಲ್ಲ, ಎಲ್ಲರೂ ಒಂದೇ ಹೇಳಬೇಕು. ಸತ್ತದ್ದಾ, ಬಿಟ್ಟದ್ದಾ?"

ಹೊರಗೆ ಸಿಟಿ ಬಸ್ಸಿನ ಕಂಡಕ್ಟರ್ ಮಣಿಪಾಲ, ಮಣಿಪಾಲ ಎಂದು ಕೂಗುತ್ತಿದ್ದ. ಬಸ್ಸು ಹೊರಟಿತು.

"ಬಿಟ್ಟದ್ದು," ಎಂದಳು.

"ಹಾಗೆ ಹೇಳು. ಮೊದಲು ಟ್ರಯಲ್, ಆಮೇಲೆ ಸಂಬಳದ ಮಾತು. ಈಗ ನನ್ನ ಹುಬ್ಬು ತೆಗೆದು ತೋರಿಸು."

ಪ್ಯಾಟ್ರಿಶಿಯಾ ಕುರ್ಚಿಯಲ್ಲಿ ಒರಗಿ ಕಣ್ಣು ಮುಚ್ಚಿದರು. ನವ್ಯಶ್ರೀ ಕೈ ತೊಳೆದು ಬಂದು ಉಂಡೆಯಿಂದ ನೂಲು ಎಳೆದಳು. ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಬಲ ಹುಬ್ಬಿನ ಮೇಲೆ ಬಗ್ಗಿದಳು.

"ಯಾಕೆ ಬಿಟ್ಟ?" ಎಂದರು ಪ್ಯಾಟ್ರಿಶಿಯಾ, ಕಣ್ಣು ಮುಚ್ಚಿಕೊಂಡೇ. "ಅಲ್ಲಿ ಬೇರೆ ಯಾರಾದರೂ ಇದ್ದಳಾ?"

ನೂಲು ಬಿಗಿಯಾಗಿತ್ತು. ಬಾಯಿ ತೆರೆದರೆ ಚರ್ಮ ಹರಿಯುತ್ತದೆ. ನವ್ಯಶ್ರೀ ಮಾತಾಡಲಿಲ್ಲ. ಪ್ಯಾಟ್ರಿಶಿಯಾ ಅದನ್ನೇ ಹೌದು ಎಂದು ತಿಳಿದುಕೊಂಡರು.